ಸೊಟ್ಟ ಆಟದ ರೇಡರ್‌ನ ನೆಟ್ಟಗ ಅಳೆಯೋದು ಹ್ಯಾಂಗ

ಜಾತ್ರೆಯ ಕಬಡ್ಡಿ ಮುಗಿದ ಮರುದಿನ ಅಥಣಿಯಿಂದ ಇಂಡಿಯವರೆಗೆ ಯಾವ ಚಹಾದಂಗಡಿ ಕಟ್ಟೆಯ ಮೇಲೆ ಕೂತರೂ ಇದೇ ಜಗಳ ಕಿವಿಗೆ ಬೀಳುತ್ತದೆ. ಒಂದು ಟೀಮಿನಲ್ಲಿ ಒಬ್ಬ ರೇಡರ್ (ಎದುರಿನವರ ಅಂಗಳಕ್ಕೆ ನುಗ್ಗಿ ಮುಟ್ಟಿ ಬರುವವನು) ಇರುತ್ತಾನೆ, ಎಲ್ಲರ ಹಾಗೆ ಆಡುವುದಿಲ್ಲ. ಕೈ ಚಾಚಿ ಮುಟ್ಟಿ ಬರಬೇಕಾದ ಕಡೆ ತಲೆ ಬಗ್ಗಿಸಿ ನುಗ್ಗುತ್ತಾನೆ, ಹಿಡಿಯಲು ಬಂದವನ ಮೇಲಿಂದ ಹಾರುತ್ತಾನೆ, ಬೆನ್ನು ತಿರುಗಿಸಿ ಹಿಮ್ಮಡಿ ಬೀಸುತ್ತಾನೆ. "ಅದೇನ್ ಆಟೇನೋ, ಮಂಗ್ಯಾನ ಜಿಗದಾಟ!" ಅನ್ನುವವನೊಬ್ಬ. "ಮಂಗ್ಯಾ ಆದರೇನ್ಲೇ, ಹದಿನೈದು ಪಾಯಿಂಟ್ ತಂದಾನಲ್ಲ" ಅನ್ನುವವನೊಬ್ಬ. ಮೊದಲನೆಯವನು ಬರೇ ಶೈಲಿ ನೋಡಿರುತ್ತಾನೆ, ಎರಡನೆಯವನು ಬರೇ ಸ್ಕೋರ್‌ಬೋರ್ಡ್. ಸೊಟ್ಟ ಆಟದವನ ವಿಷಯದಲ್ಲಿ ಇವೆರಡೂ ಮೋಸ ಮಾಡುತ್ತವೆ.

ಅಳೆಯಲು ಬೇಕಾದದ್ದು ನೂರು ಪುಟದ ಒಂದು ನೋಟ್‌ಬುಕ್, ಎರಡು ಬಣ್ಣದ ಪೆನ್ನು, ಗಡಿಯಾರ. ಮೊಬೈಲ್ ಇದ್ದರೆ ಒಳ್ಳೆಯದು. ತಾಳ್ಮೆಯಂತೂ ಬೇಕೇ ಬೇಕು, ಐದು ಪಂದ್ಯ ನೋಡುವವರೆಗೂ ತೀರ್ಪು ಕೊಡಬಾರದು.

ಮೊದಲು ಅಂಗಳ, ಆಮೇಲೆ ಆಟಗಾರ

ಗಂಡಸರ ಅಂಗಳ 13 ಮೀಟರ್ ಉದ್ದ, 10 ಮೀಟರ್ ಅಗಲ. ಒಂದು ಟೀಮಿನ ಪಾಲಿಗೆ ಬರುವುದು ಆರೂವರೆ ಮೀಟರ್. ನಡುಗೆರೆಯಿಂದ ಬಾಕ್ ಲೈನ್ (ರೇಡರ್ ದಾಟಲೇಬೇಕಾದ ಗೆರೆ) 3.75 ಮೀಟರ್, ಅಲ್ಲಿಂದ ಬೋನಸ್ ಗೆರೆ ಇನ್ನೊಂದು ಮೀಟರ್, ಅದರಾಚೆ ಕೊನೆಯ ಗೆರೆಗೆ 1.75 ಮೀಟರ್. ಎರಡೂ ಬದಿಗೆ ಒಂದೊಂದು ಮೀಟರಿನ ಲಾಬಿ. ಯಾರನ್ನೂ ಮುಟ್ಟದೆ ಲಾಬಿಯಲ್ಲಿ ಕಾಲಿಟ್ಟರೆ ರೇಡರ್ ಔಟ್.

ಈ ಅಳತೆಗಳನ್ನು ಯಾಕೆ ನೆನಪಿಡಬೇಕು ಅಂದರೆ, ಸೊಟ್ಟ ಆಟದ ಪ್ರತಿಯೊಂದು ಪಟ್ಟೂ ದೂರದ ಲೆಕ್ಕ. ಬಾಕ್ ಲೈನ್ ಮೇಲೆ ಡುಬ್ಕಿ (ಹಿಡಿಯುವವರ ಕೈಕೆಳಗೆ ನುಸುಳುವ ಪಟ್ಟು) ಹೊಡೆದವನು ಬೆನ್ನ ಮೇಲೆ ಜನ ಹೊತ್ತು 3.75 ಮೀಟರ್ ದಾಟಬೇಕು. ಮೈ ಚೆಲ್ಲಿ ಕೈ ಚಾಚಿದರೆ ಎರಡು ಮೀಟರ್ ಅಲ್ಲೇ ಸರಿದುಹೋಗುತ್ತದೆ. ಅದೇ ಡುಬ್ಕಿಯನ್ನು ಬೋನಸ್ ಗೆರೆಯ ಹತ್ತಿರ ಹೊಡೆದರೆ 4.75 ಮೀಟರ್. ಒಂದೇ ಮೀಟರ್ ಹೆಚ್ಚು ಅನ್ನಬೇಡಿ, ಮೂರು ಜನ ಮೈಮೇಲೆ ಬಿದ್ದಾಗ ಆ ಒಂದು ಮೀಟರ್ ಒಂದು ಫರ್ಲಾಂಗ್ ಆಗುತ್ತದೆ.

ನಿಯಮಗಳಲ್ಲಿ ನಾಲ್ಕು ಬಾಯಿಪಾಠ ಇರಲಿ. ಬೋನಸ್ ಸಿಗಲು ಎದುರಿಗೆ ಕನಿಷ್ಠ ಆರು ಜನ ಇರಬೇಕು, ಒಂದು ಕಾಲು ಗೆರೆಯಾಚೆ ಊರಿದಾಗ ಇನ್ನೊಂದು ಕಾಲು ನೆಲ ಬಿಟ್ಟಿರಬೇಕು. ಬೋನಸ್ ಪಾಯಿಂಟಿಗೆ ಔಟಾಗಿ ಕೂತ ಗೆಳೆಯ ಏಳುವುದಿಲ್ಲ (ಅಂಗಳಕ್ಕೆ ವಾಪಸ್ ಬರುವುದಿಲ್ಲ), ಮುಟ್ಟಿ ಔಟ್ ಮಾಡಿದರೆ ಮಾತ್ರ ಏಳುತ್ತಾನೆ. ಎದುರಿಗೆ ಮೂರು ಅಥವಾ ಅದಕ್ಕಿಂತ ಕಮ್ಮಿ ಜನ ಇದ್ದಾಗ ಸಿಕ್ಕಿಬಿದ್ದರೆ ಅದು ಸೂಪರ್ ಟ್ಯಾಕಲ್, ಎದುರಿನವರಿಗೆ 2 ಪಾಯಿಂಟ್. ಟೀಮಿನ ಸತತ ಎರಡು ರೇಡ್ ಪಾಯಿಂಟ್ ಇಲ್ಲದೆ ಖಾಲಿ ಹೋದರೆ ಮೂರನೆಯದು ಡೂ ಆರ್ ಡೈ, ಖಾಲಿ ಬಂದರೂ ರೇಡರ್ ಔಟ್.

ಊರ ಟೂರ್ನಿಗಳಲ್ಲಿ ಈ ಕೊನೆಯ ನಿಯಮ ಇರುತ್ತದೆ ಅಂತ ಭರವಸೆ ಇಲ್ಲ. ಕೆಲವು ಕಡೆ ಒಂದು ರೇಡಿಗೆ 30 ಸೆಕೆಂಡ್ ಅನ್ನುವ ಗಡಿಯಾರವೇ ಇರುವುದಿಲ್ಲ, ಅಂಪೈರ್ ದಮ್ಮು ನೋಡಿ ಸೀಟಿ ಊದುತ್ತಾನೆ. ಪಂದ್ಯ ಸುರುವಾಗುವ ಮುಂಚೆ ಕಮಿಟಿಯವರನ್ನು ಕೇಳಿ ಪುಟದ ಮೇಲ್ಭಾಗದಲ್ಲಿ ಬರೆದುಕೊಳ್ಳಿ. ಇದನ್ನು ಬಿಟ್ಟರೆ ಮುಂದಿನ ಲೆಕ್ಕವೆಲ್ಲ ನೀರಲ್ಲಿ ಹೋಮ.

ಪಟ್ಟು ಯಾವುದು, ಅದು ಎಲ್ಲಿ ಮುರಿಯುತ್ತದೆ

ಗರಡಿ ಮನೆಯ ಮಣ್ಣು ಮೆತ್ತಿಕೊಂಡ ಜಿಲ್ಲೆಗಳು ನಮ್ಮವು, ಆದ್ದರಿಂದ ಇದನ್ನು ವಿವರಿಸುವುದು ಸುಲಭ. ಪ್ರತಿ ಪಟ್ಟಿಗೂ ಒಂದು ಮರುಪಟ್ಟು ಉಂಟು. ಆ ಮರುಪಟ್ಟು ಗೊತ್ತಿದ್ದ ಟೀಮಿನ ಮುಂದೆ ರೇಡರ್ ಏನು ಮಾಡಿದ ಅನ್ನುವುದರಲ್ಲಿ ಅವನ ಬೆಲೆ ಇದೆ.

ಡುಬ್ಕಿ ಅಂದರೆ ಚೈನ್ (ಕೈಗೆ ಕೈ ಹಿಡಿದ ಸಾಲು) ಕಟ್ಟಿಕೊಂಡು ಎದೆಯ ಮಟ್ಟದಲ್ಲಿ ಮೈಮೇಲೆ ಬರುವವರ ಕೈಕೆಳಗೆ ನುಸುಳುವುದು. ಅದು ನಡೆಯಬೇಕಾದರೆ ಹಿಡಿಯುವವರು ಮುಂದೆ ಬಂದಿರಬೇಕು, ಎತ್ತರದಲ್ಲಿರಬೇಕು. ಅವರು ಬರದೆ ತಮ್ಮ ಜಾಗದಲ್ಲೇ ನಿಂತರೆ ನುಸುಳಲು ಸಂದೇ ಇಲ್ಲ. ಇನ್ನೊಂದು ಮದ್ದು: ಕಾರ್ನರ್‌ನವನು (ಮೂಲೆಯಲ್ಲಿ ನಿಂತವನು) ಮೊದಲು ಹಿಂದಿನಿಂದ ಪಾದ ಹಿಡಿಯುವುದು, ಕವರ್‌ನವರು (ಅವನ ಒಳಬದಿಗೆ ನಿಂತವರು) ಆಮೇಲೆ ಬರುವುದು. ಪಾದ ಸಿಕ್ಕ ಮೇಲೆ ತಲೆ ಎಷ್ಟು ಬಗ್ಗಿಸಿದರೂ ಅಷ್ಟೇ.

ಫ್ರಾಗ್ ಜಂಪ್ ಇದರ ತದ್ವಿರುದ್ಧ. ಕಾಲಿಗೆ ಬಗ್ಗಿ ಬಿದ್ದವನ ಮೇಲಿಂದ ಹಾರುವುದು. ಹಿಡಿಯುವವನು ಬಗ್ಗದೆ ನಿಂತೇ ಭುಜದಿಂದ ಡ್ಯಾಶ್ ಕೊಟ್ಟರೆ, ಗಾಳಿಯಲ್ಲಿರುವವನಿಗೆ ಊರಲು ನೆಲವಿಲ್ಲ, ಸೀದಾ ಅಂಗಳದಾಚೆ ಬೀಳುತ್ತಾನೆ. ಒಬ್ಬ ರೇಡರ್‌ಗೆ ಡುಬ್ಕಿಯೂ ಜಂಪೂ ಎರಡೂ ಬರುತ್ತವೆ ಅಂದರೆ ಎದುರಿನವರು ಬಗ್ಗಬೇಕೋ ನಿಲ್ಲಬೇಕೋ ತಿಳಿಯದೆ ಒದ್ದಾಡುತ್ತಾರೆ. ಅಂಥವನನ್ನು ನೋಡಿದರೆ ಪುಟದಲ್ಲಿ ಒಂದು ನಕ್ಷತ್ರ ಹಾಕಿ. ಒಂದೇ ಪಟ್ಟಿನವನಿಗೆ ಈ ಅನುಕೂಲ ಇಲ್ಲ.

ಬೆನ್ನು ತಿರುಗಿಸಿ ಒದೆಯುವವರು ಸೊಂಟ ಹಿಡಿಯುವವರಿಗೆ ಸಿಗುತ್ತಾರೆ. ಇಪ್ಪತ್ತೈದು ಸೆಕೆಂಡ್ ಸುಮ್ಮನೆ ಸುಳಿದಾಡಿ ಕೊನೆಯ ಐದರಲ್ಲಿ ಎರಗುವವರು ಗಡಿಯಾರಕ್ಕೆ ಸಿಗುತ್ತಾರೆ.

ಪುಟ ಹಾಕುವ ಕ್ರಮ

ಒಂದು ರೇಡ್‌ಗೆ ಒಂದು ಸಾಲು. ಅಡ್ಡಕ್ಕೆ ಎಂಟು ಮನೆ: ರೇಡ್ ಸಂಖ್ಯೆ, ಆಟದ ನಿಮಿಷ, ಎದುರಿಗೆ ಎಷ್ಟು ಜನ, ಸ್ಕೋರಿನ ಅಂತರ, ಡೂ ಆರ್ ಡೈ ಹೌದೋ ಅಲ್ಲವೋ, ಬಳಸಿದ ಪಟ್ಟು ಮತ್ತು ಅದು ಸುರುವಾದ ಜಾಗ, ಫಲ, ಸಿಕ್ಕಿದ್ದರೆ ಯಾರು ಎಲ್ಲಿ ಹಿಡಿದರು. ಫಲಕ್ಕೆ ಅಕ್ಷರ ಸಾಕು: ಖಾಲಿಗೆ ಖ, ಬೋನಸ್‌ಗೆ ಬ, ಮುಟ್ಟಿದ್ದಕ್ಕೆ ಮು (ಪಕ್ಕದಲ್ಲಿ ಎಷ್ಟು ಜನ ಅನ್ನುವ ಅಂಕಿ), ಸಿಕ್ಕಿದ್ದಕ್ಕೆ ಸಿ. ಸೊಟ್ಟ ಪಟ್ಟು ಬಳಸಿದ ರೇಡನ್ನು ಕೆಂಪು ಪೆನ್ನಿನಲ್ಲಿ, ಸಾದಾ ರೇಡನ್ನು ನೀಲಿಯಲ್ಲಿ ಬರೆಯಿರಿ. ಬಣ್ಣ ಬೇರೆ ಮಾಡುವುದು ಶೋಕಿಗಲ್ಲ, ಯಾಕೆ ಅನ್ನುವುದು ಮುಂದೆ ಗೊತ್ತಾಗುತ್ತದೆ.

ಔಟಾಗಿ ಕೂತಾಗ ನಿಮಿಷ ಬರೆಯಿರಿ, ಎದ್ದು ಬಂದಾಗ ಮತ್ತೆ ಬರೆಯಿರಿ. ನೋಟ್‌ಬುಕ್ ಇಟ್ಟುಕೊಂಡವರೂ ಇದನ್ನು ಮರೆಯುತ್ತಾರೆ. 40 ನಿಮಿಷದ ಪಂದ್ಯದಲ್ಲಿ ಮುಖ್ಯ ರೇಡರ್ 12 ನಿಮಿಷ ಕಟ್ಟೆ ಕಾದರೆ, ಆ 12 ನಿಮಿಷದಲ್ಲಿ ಟೀಮಿನ ಸ್ಕೋರ್ ಏನಾಯಿತು ಅನ್ನುವುದೂ ಅವನ ಖಾತೆಗೆ ಸೇರಬೇಕು.

ಬೋನಸ್ ಮಾತ್ರ ಅಂಪೈರ್ ಕೊಟ್ಟಂತೆಯೇ ಬರೆಯಿರಿ. ಹ್ಯಾಲೋಜನ್ ಬೆಳಕಿನಲ್ಲಿ ಹಿಂದಿನ ಕಾಲು ಎದ್ದಿತ್ತೋ ಇಲ್ಲವೋ ಅನ್ನುವುದು ಗ್ಯಾಲರಿಯಿಂದ ಕಾಣುವುದಿಲ್ಲ, ಕಂಡಿತು ಅನ್ನುವವನು ತನ್ನ ಟೀಮಿನ ಕಣ್ಣಿನಿಂದ ನೋಡಿರುತ್ತಾನೆ. ಮೊಬೈಲಿನಲ್ಲಿ ಚಿತ್ರೀಕರಿಸುವುದಾದರೆ ಬೋನಸ್ ಗೆರೆಯ ನೇರಕ್ಕೆ ಬದಿಯಲ್ಲಿ ನಿಲ್ಲಿ, ಆಗ ಕಾಲು ಕಾಣುತ್ತದೆ. ಕೈ ಮುಟ್ಟಿದ್ದು ಬೇಕಿದ್ದರೆ ಕೊನೆಯ ಗೆರೆಯ ಹಿಂದೆ, ಸ್ವಲ್ಪ ಎತ್ತರದಲ್ಲಿ. ಎರಡೂ ಒಂದೇ ಜಾಗದಿಂದ ಸಿಗುವುದಿಲ್ಲ. ಮನೆಗೆ ಬಂದು ನಾಲ್ಕನೇ ಒಂದು ಭಾಗದ ವೇಗದಲ್ಲಿ ತಿರುಗಿಸಿ ನೋಡಿ.

ಕೂಡುವುದು, ಕಳೆಯುವುದು

ಒಂದು ಕಲ್ಪಿತ ಪಂದ್ಯದ ಲೆಕ್ಕ ಹಾಕೋಣ. ಸಾದಾ ಆಟದ ಸಂಗಪ್ಪ 18 ರೇಡ್ ಹೋದ: ಬೋನಸ್ 3, ಒಬ್ಬೊಬ್ಬರನ್ನು ಮುಟ್ಟಿದ್ದು 4, ಸಿಕ್ಕಿದ್ದು 2, ಖಾಲಿ 9. ಡುಬ್ಕಿಯ ದುಂಡಪ್ಪ 16 ರೇಡ್ ಹೋದ: ಬೋನಸ್ 1, ಒಬ್ಬೊಬ್ಬರನ್ನು ಮುಟ್ಟಿದ್ದು 3, ಇಬ್ಬರನ್ನು ಒಮ್ಮೆ, ಮೂವರನ್ನು ಒಮ್ಮೆ, ಸಿಕ್ಕಿದ್ದು 5 (ಅದರಲ್ಲಿ ಒಂದು ಸೂಪರ್ ಟ್ಯಾಕಲ್), ಖಾಲಿ 5.

ಸ್ಕೋರ್‌ಬೋರ್ಡಿನಲ್ಲಿ ಸಂಗಪ್ಪನಿಗೆ 7, ದುಂಡಪ್ಪನಿಗೆ 9. ಸೀಟಿ, ಚಪ್ಪಾಳೆ, ಗುಲಾಲು ಎಲ್ಲ ದುಂಡಪ್ಪನಿಗೆ.

ಈಗ ಎದುರಿನವರಿಗೆ ಕೊಟ್ಟದ್ದನ್ನು ಕಳೆಯಿರಿ. ಸಂಗಪ್ಪ ಕೊಟ್ಟದ್ದು 2, ಉಳಿದದ್ದು 5. ದುಂಡಪ್ಪ ಕೊಟ್ಟದ್ದು ನಾಲ್ಕು ಸಾದಾ ಮತ್ತು ಸೂಪರ್ ಟ್ಯಾಕಲಿನ ಎರಡು, ಒಟ್ಟು 6. ಉಳಿದದ್ದು 3. ಒಂದು ರೇಡ್‌ಗೆ ಸಂಗಪ್ಪನದು 0.28, ದುಂಡಪ್ಪನದು 0.19. ಇಲ್ಲಿಗೆ ನಿಲ್ಲಿಸಿ "ನೋಡ್ರಿ, ಸಾದಾ ಆಟನ ಸರಿ" ಅನ್ನುವವರು ಬಹಳ ಜನ. ನಿಲ್ಲಿಸಬೇಡಿ.

ಎಬ್ಬಿಸಿದವರ ಲೆಕ್ಕ ಹಾಕಿ. ಸಂಗಪ್ಪನ ಮೂರು ಬೋನಸ್‌ಗೆ ಯಾರೂ ಏಳಲಿಲ್ಲ, ಹೆಚ್ಚೆಂದರೆ 4 ಜನರನ್ನು ಎಬ್ಬಿಸಿದ. ದುಂಡಪ್ಪ 8 ಜನರನ್ನು ಎಬ್ಬಿಸಬಲ್ಲವನಾಗಿದ್ದ. ಸಿಕ್ಕಿಬಿದ್ದು ಎದುರಿನವರಲ್ಲಿ ಎಬ್ಬಿಸಿಕೊಟ್ಟದ್ದು ಸಂಗಪ್ಪ 2, ದುಂಡಪ್ಪ 5. (ಸೂಪರ್ ಟ್ಯಾಕಲಿಗೆ ಪಾಯಿಂಟ್ ಎರಡಾದರೂ ಏಳುವವನು ಒಬ್ಬನೇ.) ಕಳೆದರೆ 2 ಮತ್ತು 3. ತಕ್ಕಡಿ ಮತ್ತೆ ದುಂಡಪ್ಪನ ಕಡೆ ಸ್ವಲ್ಪ ವಾಲಿತು. ಯಾರೂ ಔಟಾಗಿ ಕೂತಿರದಿದ್ದಾಗ ಮುಟ್ಟಿದರೆ ಎಬ್ಬಿಸುವ ಮಾತೇ ಇಲ್ಲ, ಆದ್ದರಿಂದ ಇದನ್ನು ಆ ಕ್ಷಣದಲ್ಲೇ ಸಾಲಿನ ಕೊನೆಗೆ ಗುರುತು ಹಾಕಿಕೊಂಡರೆ ಒಳ್ಳೆಯದು.

ಇನ್ನೆರಡು ತಿದ್ದುಪಡಿ ಬೇಕು. ಡೂ ಆರ್ ಡೈ ರೇಡಿನಲ್ಲಿ ಖಾಲಿ ಬಂದರೂ ಒಂದು ಪಾಯಿಂಟ್ ಹೋಗುವುದೇ, ಹಾಗಾಗಿ ಅಲ್ಲಿ ಸಿಕ್ಕಿಬಿದ್ದದ್ದನ್ನು ದುಡುಕು ಅಂತ ಬರೆಯಬಾರದು. ಟೀಮು ಅಂಥ ರೇಡಿಗೆಲ್ಲ ದುಂಡಪ್ಪನನ್ನೇ ದಬ್ಬುತ್ತಿದ್ದರೆ ಅವನ ಐದು ಸಿಕ್ಕಾಟದಲ್ಲಿ ಮೂರಕ್ಕೆ ಅವನು ಹೊಣೆಯಲ್ಲದೆ ಇರಬಹುದು. ಹಾಗೆಯೇ ಕೊನೆಯ ಮೂರು ನಿಮಿಷ, ಟೀಮು ಆರೇಳು ಪಾಯಿಂಟ್ ಮುಂದಿದೆ ಅಂದರೆ ಖಾಲಿ ರೇಡೇ ಸರಿಯಾದ ರೇಡ್. ಬಾಕ್ ಲೈನ್ ದಾಟಿ, ಹೊತ್ತು ಕಳೆದು, ವಾಪಸ್ ಬಂದದ್ದಕ್ಕೆ ಶಿಳ್ಳೆ ಬೀಳುವುದಿಲ್ಲ ಅಷ್ಟೇ.

ಆದರೆ ಸೂಪರ್ ಟ್ಯಾಕಲ್‌ಗೆ ಮಾತ್ರ ಕ್ಷಮೆ ಕಮ್ಮಿ ಇರಲಿ. ಎದುರಿಗೆ ಮೂವರೇ ಇದ್ದಾಗ ಚೈನ್ ಇರುವುದಿಲ್ಲ, ಅಂಗಳವೆಲ್ಲ ಬಯಲು. ನುಸುಳಲು ಏನೂ ಇಲ್ಲದ ಕಡೆ ನುಸುಳಲು ಹೋಗುವುದು ಶುದ್ಧ ಚಟ. ಅಲ್ಲಿ ಓಡುತ್ತ ಕೈ ಮುಟ್ಟಿ ಬರುವುದು ಸಾಕು, ಡೂ ಆರ್ ಡೈ ಅಲ್ಲದಿದ್ದರೆ ಮುಟ್ಟದೆ ಬಂದರೂ ನಷ್ಟವಿಲ್ಲ, ಸಿಕ್ಕರೆ ಎರಡು ಹೋಯಿತು. ಮೂವರೋ ಕಮ್ಮಿಯೋ ಇದ್ದಾಗಿನ ಸಾಲುಗಳನ್ನು ಬೇರೆ ತೆಗೆದು ನೋಡಿ. ಅಲ್ಲೂ ಕೆಂಪು ಪೆನ್ನೇ ತುಂಬಿದ್ದರೆ ಆ ಹುಡುಗನಿಗೆ ಆಟ ಬರುತ್ತದೆ, ಲೆಕ್ಕ ಬರುವುದಿಲ್ಲ.

ಆ ಒಂದು ದೊಡ್ಡ ರೇಡ್

ದುಂಡಪ್ಪನ ಮೂರು ಪಾಯಿಂಟಿನ ರೇಡನ್ನು ತೆಗೆದುಹಾಕಿ ನೋಡಿ: 15 ರೇಡ್, ತಂದದ್ದು 6, ಕೊಟ್ಟದ್ದು 6. ಉಳಿದದ್ದು ಸೊನ್ನೆ. ಅಂದರೆ ಅವನ ಇಡೀ ಪಂದ್ಯ ಆ ಒಂದು ರೇಡಿನ ಮೇಲೆ ನಿಂತಿತ್ತು. "ಲಕ್ಕ್ ಅದು" ಅನ್ನುವವರ ವಾದ ಹುಟ್ಟುವುದು ಇಲ್ಲೇ.

ಅದನ್ನು ತೆಗೆಯುವುದು ನ್ಯಾಯವೇ? ಡುಬ್ಕಿಯ ಉದ್ದೇಶವೇ ಆ ಒಂದು ರೇಡ್. ಚೈನ್ ಕಟ್ಟಿ ಮೈಮೇಲೆ ಬಿದ್ದ ಮೂವರೂ ನಾಲ್ವರೂ ಒಟ್ಟಿಗೆ ಹೋಗಲಿ ಅಂತಲೇ ಅವನು ಕಾಯುವುದು. ಸಾದಾ ರೇಡರ್ ದಿನಗೂಲಿ, ಇವನು ಸುಗ್ಗಿಯ ಒಕ್ಕಲಿಗ. ಸುಗ್ಗಿಯವನ ಆದಾಯವನ್ನು ಒಂದು ವಾರದಲ್ಲಿ ಅಳೆದರೆ ಒಂದೋ ಅರಸ, ಒಂದೋ ಭಿಕಾರಿ. ಅದಕ್ಕೇ ಐದು ಪಂದ್ಯ, 80 ರೇಡಿನಷ್ಟಾದರೂ ಪುಟದಲ್ಲಿರಬೇಕು. ಐದರಲ್ಲಿ ಎರಡು ಮೂರು ಪಂದ್ಯಕ್ಕೆ ಅಂಥ ರೇಡ್ ಬಂದಿದೆ, ಬೇರೆ ಬೇರೆ ಟೀಮಿನ ಮೇಲೆ ಬಂದಿದೆ ಅಂದರೆ ಲಕ್ಕ್ ಅನ್ನುವ ಮಾತು ಬಿಡಿ. ಐದಕ್ಕೆ ಒಂದೇ ಬಂದಿದೆ, ಅದೂ ಆಗ ತಾನೇ ಕಟ್ಟಿದ ಟೀಮಿನ ಮೇಲೆ ಅಂದರೆ ಮಂಗ್ಯಾನ ಜಿಗದಾಟ ಅಂದವನು ಗೆದ್ದ.

ಪರ್‌ದೀಪ್ ನರ್ವಾಲ್ ಹೆಸರು ಈ ಜಗಳದಲ್ಲಿ ಬಂದೇ ಬರುತ್ತದೆ. 2015ರಲ್ಲಿ ಪ್ರೊ ಕಬಡ್ಡಿಗೆ ಬಂದದ್ದು ನಮ್ಮ ಬೆಂಗಳೂರು ಬುಲ್ಸ್ ಮೂಲಕ, ಆಗ ಅಷ್ಟೇನೂ ಮಿಂಚಲಿಲ್ಲ. ಪಟ್ನಾ ಪೈರೇಟ್ಸ್‌ಗೆ ಹೋದ ಮೇಲೆ ಆ ಟೀಮು ಸತತ ಮೂರು ಕಪ್ ಎತ್ತಿತು. 2017ರ ಐದನೇ ಸೀಸನ್‌ನಲ್ಲಿ ಅವರ ರೇಡ್ ಪಾಯಿಂಟ್ 369. ಅದೇ ಸೀಸನ್‌ನಲ್ಲಿ ಹರಿಯಾಣ ಸ್ಟೀಲರ್ಸ್ ಎದುರು ಒಂದೇ ಪಂದ್ಯಕ್ಕೆ 34, ಅದೇ ಪಂದ್ಯದ ಒಂದು ರೇಡ್ ಟೀಮಿಗೆ 8 ತಂದಿತು. ಡುಬ್ಕಿಯನ್ನು ಚಟ ಅನ್ನುವವರ ಬಾಯಿ ಮುಚ್ಚಿಸಲು ಇಷ್ಟು ಸಾಕು. ಆದರೆ ಊರ ಹುಡುಗನನ್ನು ಈ ಅಂಕಿಗಳ ಪಕ್ಕ ನಿಲ್ಲಿಸಿ ಅಳೆಯಬೇಡಿ. ಪರ್‌ದೀಪ್ ಬರೇ ಡುಬ್ಕಿಯಿಂದ ಅಲ್ಲಿಗೆ ಹೋದವರಲ್ಲ, ಕೈ ಮುಟ್ಟುವುದೂ ಬೋನಸ್ಸೂ ಅದರ ಹಿಂದೆ ಇದ್ದವು. ಹಾಗೆಯೇ ಫ್ರಾಗ್ ಜಂಪಿಗೆ ಹೆಸರಾದ ಅಜಯ್ ಠಾಕೂರ್, 2016ರ ವಿಶ್ವಕಪ್ ಫೈನಲ್ಲಿನಲ್ಲಿ ಇರಾನ್ ಎದುರು ಭಾರತ 38–29ರಿಂದ ಗೆದ್ದಾಗ 12 ಪಾಯಿಂಟ್ ತಂದವರು. ಪಂದ್ಯ ತಿರುಗಿಸಿದ್ದು ಬರೇ ಹಾರಾಟವಲ್ಲ, ಯಾವ ರೇಡಿನಲ್ಲಿ ಹಾರಬಾರದು ಅನ್ನುವ ತಿಳಿವಳಿಕೆ.

ಎರಡನೇ ಸಲ ನೋಡಿದವರ ಮುಂದೆ

ಇಡೀ ನೋಟ್‌ಬುಕ್ಕಿನಲ್ಲಿ ಒಂದೇ ಪುಟ ಉಳಿಸಿಕೊಳ್ಳಿ ಅಂದರೆ ಇದನ್ನು ಉಳಿಸಿಕೊಳ್ಳಬೇಕು. ಕೆಂಪು ಸಾಲುಗಳನ್ನು ಎರಡು ಭಾಗ ಮಾಡಿ: ಪಂದ್ಯದ ಮೊದಲ 20 ನಿಮಿಷ, ಕೊನೆಯ 20 ನಿಮಿಷ. ಅದೇ ಟೀಮಿನ ಎದುರು ಎರಡನೇ ಸಲ ಆಡಿದ್ದರೆ ಅದನ್ನೂ ಹೀಗೇ ಬೇರೆ ಮಾಡಿ. ಗರಡಿಯಲ್ಲಿ ಹೊಸ ಪಟ್ಟಿಗೆ ಮೊದಲ ಸಲ ಯಾರಾದರೂ ಬೀಳುತ್ತಾರೆ. ಮಧ್ಯಂತರದಲ್ಲಿ ಕೋಚ್ "ಮುಂದ ಹೋಗಬ್ಯಾಡ್ರಿ, ಅವ ಬರ್ಲಿ, ಕಾಲ ಹಿಡೀರಿ" ಅಂತ ಹೇಳಿ ಕಳಿಸಿದ ಮೇಲೆ ಏನಾಯಿತು ಅನ್ನುವುದು ಮುಖ್ಯ.

ಎರಡನೇ ಅರ್ಧದಲ್ಲಿ ಕೆಂಪು ಸಾಲುಗಳು ಅಷ್ಟೇ ಇವೆ, ಸಿಕ್ಕಿದ್ದು ಹೆಚ್ಚಾಗಿದೆ ಅಂದರೆ ಆ ರೇಡರ್‌ನ ಗುಟ್ಟು ಬಯಲಾಗಿದೆ. ಕೆಂಪು ಕಮ್ಮಿಯಾಗಿ ನೀಲಿ ಹೆಚ್ಚಾಗಿದೆ, ನೀಲಿಯಲ್ಲಿ ಬೋನಸ್ಸೂ ಕೈ ಮುಟ್ಟಿದ್ದೂ ಸೇರಿವೆ ಅಂದರೆ ಅವನು ಪಕ್ಕಾ ಆಟಗಾರ. ಯಾಕೆಂದರೆ ಡುಬ್ಕಿಗೆ ಅಂಜಿ ಹಿಡಿಯುವವರು ಮುಂದೆ ಬರುವುದನ್ನು ಬಿಟ್ಟಿದ್ದಾರೆ, ಅವನು ಆರಾಮವಾಗಿ ಬೋನಸ್ ಗೆರೆಯವರೆಗೆ ನಡೆದು ಹೋಗುತ್ತಿದ್ದಾನೆ. ಹೊಡೆಯದ ಡುಬ್ಕಿ ತಂದ ಪಾಯಿಂಟ್ ಅದು. ಸ್ಕೋರ್‌ಬೋರ್ಡ್ ಅದನ್ನು ತೋರಿಸುವುದಿಲ್ಲ. ಎರಡು ಬಣ್ಣದ ಪೆನ್ನು ಬೇಕಾದದ್ದು ಇದಕ್ಕೆ.

ಎಲ್ಲಿ ಲೆಕ್ಕ ತಪ್ಪುತ್ತದೆ

ಮಣ್ಣು ಮತ್ತು ಮ್ಯಾಟನ್ನು ಒಂದೇ ಪುಟದಲ್ಲಿ ಬೆರೆಸುವುದು ದೊಡ್ಡ ತಪ್ಪು. ಮ್ಯಾಟಿನ ಮೇಲೆ ಬೂಟು ಹಿಡಿಯುತ್ತದೆ, ಗಕ್ಕನೆ ತಿರುಗಬಹುದು, ಬಿದ್ದರೂ ಮೈ ಉಳಿಯುತ್ತದೆ. ಜಾತ್ರೆಯ ಅಂಗಳಕ್ಕೆ ಮಸಾರಿ ಮಣ್ಣು ಸೋಸಿ ಹಾಕಿ ನೀರು ಹೊಡೆದಿರುತ್ತಾರೆ. ನೀರು ಹೆಚ್ಚಾದರೆ ಹಾರಿದವನು ಇಳಿಯುವಾಗ ಜಾರುತ್ತಾನೆ, ಕಮ್ಮಿಯಾದರೆ ಮೇಲಿನ ಮಣ್ಣು ಸಡಿಲವಾಗಿ ನೂಕುವ ಕಾಲು ಕುಸಿಯುತ್ತದೆ. ವಿಜಯಪುರ ಕಡೆ ಎರೆ ಭೂಮಿಯ ಮೇಲೆ ಮಸಾರಿಯನ್ನು ತೆಳ್ಳಗೆ ಹರಡಿದ್ದರೆ ಎರಡನೇ ರಾತ್ರಿಯ ಹೊತ್ತಿಗೆ ಕೆಳಗಿನ ಗಟ್ಟಿ ನೆಲ ಕಾಲಿಗೆ ಸಿಗುತ್ತದೆ. ಹೀಗಾಗಿ ಒಂದೇ ಟೂರ್ನಿಯಲ್ಲಿ ಮೊದಲ ರಾತ್ರಿಯ ಜಂಪ್ ಬೇರೆ, ಫೈನಲ್ಲಿನ ಜಂಪ್ ಬೇರೆ. ಹೆಣ್ಣುಮಕ್ಕಳ ಪಂದ್ಯಕ್ಕೂ ಬೇರೆ ಪುಟ ಇಡಿ. ಅಂಗಳ 12ಕ್ಕೆ 8 ಮೀಟರ್ ಇರುವುದರಿಂದ ಮೇಲಿನ ದೂರಗಳು ಅಲ್ಲಿ ಹೊಂದುವುದಿಲ್ಲ.

ಸಿಕ್ಕಿಬಿದ್ದದ್ದನ್ನೆಲ್ಲ ಒಂದೇ ತಕ್ಕಡಿಗೆ ಹಾಕುವುದು ಎರಡನೆಯ ತಪ್ಪು. ಬಾಕ್ ಲೈನಿನಲ್ಲಿ ನಾಲ್ವರ ಕೈಗೆ ಸಿಕ್ಕು, ನಡುಗೆರೆಗೆ ಗೇಣು ದೂರದಲ್ಲಿ ಬೆರಳು ನಿಂತವನೂ, ಕಾರ್ನರಿಗೆ ಮೈಮರೆತು ಪಾದ ಕೊಟ್ಟವನೂ ಸ್ಕೋರ್‌ಶೀಟಿನಲ್ಲಿ ಒಂದೇ. ನಿಮ್ಮ ಪುಟದಲ್ಲಿ ಒಂದೇ ಆಗಬಾರದು. ನಿಂತ ಜಾಗದಿಂದ ನಡುಗೆರೆಗೆ ಇದ್ದ ದೂರವನ್ನು ಅಂದಾಜಿಗೆ ಬರೆಯಿರಿ. ಅರ್ಧ ಮೀಟರಿನೊಳಗಿನ ಸಿಕ್ಕಾಟಗಳು ಹೆಚ್ಚಿದ್ದರೆ ತಪ್ಪು ಪಟ್ಟಿನದಲ್ಲ, ಸುರು ಮಾಡಿದ ಜಾಗದ್ದು. ಅದನ್ನು ಕೋಚ್ ಒಂದು ವಾರದಲ್ಲಿ ತಿದ್ದಬಹುದು. ಎರಡು ಮೀಟರಿನಾಚೆಯೇ ಬಿದ್ದಿದ್ದರೆ ಪಟ್ಟನ್ನೇ ಬಿಡಿಸಬೇಕು.

ಇನ್ನು ದುಡ್ಡು ಕೊಟ್ಟು ಹೊರಗಿನಿಂದ ಕರೆಸಿದ ರೇಡರ್. ಗಡಿಯಾಚೆ ಸಾಂಗ್ಲಿ, ಕೊಲ್ಹಾಪುರದ ಕಡೆಯಿಂದ ಬಂದವನು ಅಂದ ಕೂಡಲೇ ನಮ್ಮವರಿಗೆ ಅವನ ಖಾಲಿ ರೇಡೂ ಚಂದ ಕಾಣುತ್ತದೆ. ಅವನನ್ನು ಇಲ್ಲಿ ಯಾರೂ ಮೊದಲು ನೋಡಿಲ್ಲ ಅನ್ನುವುದೇ ಅವನ ಅರ್ಧ ಬಲ. ಅವನ ಮೊದಲ ಪಂದ್ಯದ ಅಂಕಿಯನ್ನು ಪೆನ್ಸಿಲಿನಲ್ಲಿ ಬರೆಯಿರಿ, ಅದೇ ಟೀಮು ಅವನನ್ನು ಇನ್ನೊಂದು ಸಲ ಎದುರಿಸಿದ ಮೇಲೆ ಪೆನ್ನಿನಲ್ಲಿ ತಿದ್ದಿ.